ಕಾರಿಮಂಗಲದ ಹುಣಸೆಯೂ ದೆಹಲಿಯ ಆಯವ್ಯಯವೂ

ಪ್ರತಿವರ್ಷ ಫೆಬ್ರವರಿ ತಿಂಗಳ ಮೊದಲನೆಯ ತಾರೀಖಿನಂದು, ಬೆಳಗಿನ ಹನ್ನೊಂದು ಗಂಟೆಗೆ, ಲೋಕಸಭೆಯಲ್ಲಿ ಅರ್ಥಸಚಿವರು ಎದ್ದು ನಿಂತು ದೇಶದ ಆಯವ್ಯಯವನ್ನು ಓದತೊಡಗುವ ಹೊತ್ತಿಗೆ, ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಾರಿಮಂಗಲದ ಆಸುಪಾಸಿನಲ್ಲಿ ಹುಣಸೆಯ ಸುಗ್ಗಿ ನಡೆದಿರುತ್ತದೆ. ಮರದಿಂದ ಉದುರಿಸಿ ತಂದ ಹಣ್ಣನ್ನು ಬಿಸಿಲಿಗೆ ಹರವಿ, ಓಡು ಬಿಡಿಸಿ, ನಾರು ಎಳೆದು, ಸಣ್ಣ ಸುತ್ತಿಗೆಯ ಏಟಿನಿಂದ ಬೀಜ ಕಳಚುವ ಹೆಂಗಸರು ಜಗಲಿಗಳ ಮೇಲೆ ಕುಳಿತಿರುತ್ತಾರೆ. ಅವರಿಗೆ ಸಲ್ಲುವ ಕೂಲಿ ಕಿಲೋ ಲೆಕ್ಕದ್ದು. ಆದಾಯ ತೆರಿಗೆಯ ಮಿತಿ ಎಷ್ಟು ಲಕ್ಷಕ್ಕೆ ಏರಿತು, ಯಾವ ಹಂತಕ್ಕೆ ಶೇಕಡಾ ಎಷ್ಟು ಎಂಬ ಪ್ರಶ್ನೆಗಳು ಆ ಜಗಲಿಯ ಮೇಲೆ ಹುಟ್ಟುವುದಿಲ್ಲ. ಹಾಗೆಂದು ಆ ಜನಕ್ಕೂ ರಾಜ್ಯದ ಬೊಕ್ಕಸಕ್ಕೂ ಸಂಬಂಧವಿಲ್ಲವೆಂದು ತಿಳಿಯತಕ್ಕದ್ದಲ್ಲ. ಅವರು ಬಿಡಿಸುವ ಹುಣಸೆಯ ಮೇಲೆ ತೆರಿಗೆ ಬಂದದ್ದೂ ಉಂಟು, ಹೋದದ್ದೂ ಉಂಟು. ಎರಡೂ ಆದದ್ದು ಆ ಹನ್ನೊಂದು ಗಂಟೆಯ ಭಾಷಣದ ಹೊರಗೆ. ಆಯವ್ಯಯದ ದಿನದಲ್ಲಿ ದೇಶವೆಲ್ಲ ಕಣ್ಣಿಟ್ಟು ನೋಡುವುದು ಒಂದು ಕಡೆ, ಸಾಮಾನ್ಯ ಜನರ ತೆರಿಗೆ ನಿಜವಾಗಿ ಬದಲಾಗುವುದು ಇನ್ನೊಂದು ಕಡೆ ಎಂಬ ಈ ವಿಚಿತ್ರ ಸ್ಥಿತಿಯೇ ಪ್ರಸ್ತುತ ಲೇಖನದ ವಿಷಯ.

ಈ ವಿಚಾರಕ್ಕೆ ಕಾರಿಮಂಗಲವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನೊಳಂಬರ ಕನ್ನಡ ಶಾಸನಗಳನ್ನು ಇಂದಿಗೂ ಉಳಿಸಿಕೊಂಡಿರುವ, ಮನೆಮಾತು ಕನ್ನಡವಾಗಿರುವ ಅನೇಕ ಕುಟುಂಬಗಳನ್ನು ಇಂದಿಗೂ ಪೋಷಿಸುತ್ತಿರುವ ಈ ಸೀಮೆ, ಬಾರಾಮಹಲ್ ಎಂಬ ಹೆಸರಿನಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಸುಲ್ತಾನನ ಕೈಬಿಟ್ಟು ಇಂಗ್ಲಿಷ್ ಕಂಪನಿಯ ವಶವಾಯಿತು. ಅದರ ಆಡಳಿತವನ್ನು ವಹಿಸಿಕೊಂಡ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನೂ, ಅವನ ಕೈಕೆಳಗೆ ಧರ್ಮಪುರಿಯಲ್ಲಿ ನೆಲಸಿ ಕೆಲಸ ಕಲಿತ, ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋವೂ, ಹೊಲ ಹೊಲವನ್ನು ಅಳೆಸಿ, ಮಣ್ಣಿನ ಗುಣವನ್ನು ಗೊತ್ತುಮಾಡಿ, ರೈತನೊಡನೆ ನೇರವಾಗಿ ಕಂದಾಯದ ಕರಾರು ಮಾಡಿಕೊಳ್ಳುವ ರೈತವಾರಿ ಪದ್ಧತಿಯನ್ನು ಮೊದಲು ಪ್ರಯೋಗಿಸಿದ್ದು ಈ ನೆಲದ ಮೇಲೆಯೇ. ತೆರಿಗೆ ವರ್ಷ ವರ್ಷಕ್ಕೂ ಬದಲಾಗಬೇಕೆ, ನಿಲುಗಡೆಯಾಗಿ ಇರಬೇಕೆ ಎಂಬ ವಾದವನ್ನು ಗ್ರಂಥಗಳಲ್ಲಿ ಓದಿದವರು ಬಹುಮಂದಿ. ಅದನ್ನು ಮೈಮೇಲೆ ಅನುಭವಿಸಿ ನೋಡಿದ ಊರುಗಳು ಇಲ್ಲಿಯವು.

ರೀಡನ ಏರ್ಪಾಡಿನಲ್ಲಿ ಇಂದಿನವರು ಗಮನಿಸತಕ್ಕ ಅಂಶವೊಂದಿದೆ. ಕಂದಾಯದ ಲೆಕ್ಕವನ್ನು ಗೊತ್ತುಮಾಡುವ ಜಮಾಬಂದಿ ಪ್ರತಿವರ್ಷವೂ ನಡೆಯುತ್ತಿತ್ತು. ರೈತನು ಕೊಡತಕ್ಕ ಮೊತ್ತವೂ ವರ್ಷ ವರ್ಷಕ್ಕೆ ಬೇರೆಯಾಗುತ್ತಿತ್ತು. ಆದರೆ ಒಂದೊಂದು ಹೊಲಕ್ಕೆ ಕಟ್ಟಿದ ದರ ಸ್ಥಿರವಾಗಿ ನಿಲ್ಲಬೇಕೆಂಬುದು 1796ರಲ್ಲಿ ರೀಡನು ಹೊರಡಿಸಿದ ಪ್ರಕಟಣೆಯ ಆಶಯವಾಗಿತ್ತು. ಬದಲಾವಣೆಯ ಅಧಿಕಾರ ಇದ್ದುದು ರೈತನಲ್ಲಿ: ಈ ವರ್ಷ ಇಷ್ಟು ಹೊಲವನ್ನು ಉಳುತ್ತೇನೆ, ಅಷ್ಟನ್ನು ಬಿಡುತ್ತೇನೆ ಎಂದು ಅವನು ಹೇಳಬಹುದಾಗಿತ್ತು, ಹೇಳಿದಷ್ಟಕ್ಕೆ ಕಂದಾಯ ಕೊಡಬಹುದಾಗಿತ್ತು. ಅಂದರೆ ದರ ಸರ್ಕಾರದ್ದು ಮತ್ತು ಅಚಲ. ಪರಿಮಾಣ ಪ್ರಜೆಯದು ಮತ್ತು ಚಲ. ಇಂದು ನಮ್ಮ ಸ್ಥಿತಿ ಇದಕ್ಕೆ ತೀರ ವಿಪರೀತವಾದದ್ದು. ನಮ್ಮ ದುಡಿಮೆ, ನಮ್ಮ ಅಂಗಡಿ, ನಮ್ಮ ಲಾರಿ ಇದ್ದಲ್ಲೇ ಇರುತ್ತವೆ. ದರವೂ ಮಿತಿಯೂ ಲೆಕ್ಕದ ರೀತಿಯೂ ಮೇಲಿನಿಂದ ಬದಲಾಗುತ್ತಿರುತ್ತವೆ.

ಹಳೆಯದೆಲ್ಲ ಚಿನ್ನವೆಂದು ಹೇಳುವುದು ನನ್ನ ಉದ್ದೇಶವಲ್ಲ. ರೀಡನ ತರುವಾಯ ಬಂದವರು ಅವನ ಏರ್ಪಾಡನ್ನು ಮುರಿದು, ಆಗ ಈ ಸೀಮೆಯನ್ನೂ ಒಳಗೊಂಡಿದ್ದ ಸೇಲಂ ಜಿಲ್ಲೆಯನ್ನು ಮಿಟ್ಟೆಗಳೆಂಬ ಜಮೀನುದಾರಿಗಳಾಗಿ ತುಂಡರಿಸಿ ಹರಾಜು ಹಾಕಿದರು. ಮಿಟ್ಟೆದಾರರಲ್ಲಿ ಅನೇಕರು ಕಟ್ಟಬೇಕಾದ ಹಣವನ್ನು ಕಟ್ಟಲಾರದೆ ದಿವಾಳಿಯಾದರು. ಆ ಹಳ್ಳಿಗಳು ಮರಳಿ ರೈತವಾರಿಗೇ ಬಂದುವು. ಸ್ಥಿರವಾದ ದರವೂ ಮಿತಿಮೀರಿದ್ದಾದರೆ ಅದು ಸ್ಥಿರವಾದ ಪೀಡೆಯಾಗುತ್ತದೆ ಎಂಬುದನ್ನು ಮನ್ರೋ ಬಲ್ಲವನಾಗಿದ್ದನು. ಬಳ್ಳಾರಿ ಕಡಪೆಗಳ ಸೀಮೆಯಲ್ಲಿ ಕಂದಾಯವನ್ನು ಕಾಲುಭಾಗ ಇಳಿಸಬೇಕೆಂದು 1807ರಲ್ಲಿ ಅವನು ಬರೆದ ಸಲಹೆಗೆ ಆಗ ಮೇಲಿನವರು ಕಿವಿಗೊಡಲಿಲ್ಲ. ಆದರೂ ಈ ಸೀಮೆಯ ಅನುಭವದಿಂದ ಒಂದು ಮಾತನ್ನು ಹೇಳಬಹುದು. ಭಾರ ಹೆಚ್ಚಾದರೆ ಮನುಷ್ಯ ನರಳುತ್ತಾನೆ. ಭಾರ ಎಷ್ಟೆಂದೇ ಗೊತ್ತಿಲ್ಲದಿದ್ದರೆ ಹೆಜ್ಜೆ ಇಡುವುದನ್ನೇ ನಿಲ್ಲಿಸುತ್ತಾನೆ. ತೆರಿಗೆಯ ಲಕ್ಷಣಗಳನ್ನು ಹೇಳುವಾಗ ಆಡಂ ಸ್ಮಿತ್ತನು 1776ರಲ್ಲಿಯೇ ನಿಶ್ಚಿತತೆಗೆ ಸಮಾನತೆಗಿಂತಲೂ ಮೇಲಾದ ಸ್ಥಾನ ಕೊಟ್ಟಿದ್ದನು. ಬಾರಾಮಹಲಿನ ರೈತನಿಗೆ ಅದು ಓದದೆಯೇ ಗೊತ್ತಿದ್ದ ವಿಷಯ.

ಆದಾಯ ತೆರಿಗೆಯ ಕಥೆಯೂ ಮದರಾಸಿನೊಡನೆ ಹೆಣೆದುಕೊಂಡೇ ಆರಂಭವಾಯಿತು. 1857ರ ದಂಗೆಯ ಸಾಲವನ್ನು ತೀರಿಸುವ ಸಲುವಾಗಿ ಜೇಮ್ಸ್ ವಿಲ್ಸನ್ನನು 1860ರಲ್ಲಿ ಕಲ್ಕತ್ತೆಯಲ್ಲಿ ಮಂಡಿಸಿದ ಆಯವ್ಯಯದಲ್ಲಿ, ವರ್ಷಕ್ಕೆ 200 ರೂಪಾಯಿ ಮೀರಿದ ಆದಾಯಕ್ಕೆ ಶೇಕಡಾ 2, 500 ಮೀರಿದರೆ ಶೇಕಡಾ 4 ಎಂದು ತೆರಿಗೆ ಹಾಕಲಾಯಿತು. ಸೇಲಂ ಜಿಲ್ಲೆಯನ್ನೂ ಒಳಗೊಂಡಿದ್ದ ಮದರಾಸು ಪ್ರಾಂತದ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಅದನ್ನು ಖಂಡಿಸಿದ್ದಲ್ಲದೆ, ತನ್ನ ಆಕ್ಷೇಪವನ್ನು ಪತ್ರಿಕೆಗಳಲ್ಲಿ ಪ್ರಕಟಪಡಿಸಿಬಿಟ್ಟನು. ಆ ತಪ್ಪಿಗಾಗಿ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ವಿಲ್ಸನ್ನನು ಅದೇ ಆಗಸ್ಟಿನಲ್ಲಿ ತೀರಿಕೊಂಡನು. ಕೆಲವು ವರ್ಷಗಳ ಮೇಲೆ ಅದೇ ಟ್ರೆವೆಲಿಯನ್ ಅರ್ಥಸದಸ್ಯನಾಗಿ ಮರಳಿ ಬಂದು, 1865ರಲ್ಲಿ ಆ ತೆರಿಗೆ ತಾನಾಗಿ ಮುಗಿದುಹೋಗುವಂತೆ ಬಿಟ್ಟನು. ಅದು ಮತ್ತೆ ಮತ್ತೆ ಹುಟ್ಟಿ ಸತ್ತು, 1886ರಿಂದ ಶಾಶ್ವತವಾಗಿ ನಿಂತಿತು. ಸರ್ಕಾರದ ಹಿರಿಯ ಅಧಿಕಾರಿಯೊಬ್ಬನು ತನ್ನ ಪ್ರಾಂತದ ಜನರ ಪರವಾಗಿ ತೆರಿಗೆಯನ್ನು ಬಹಿರಂಗವಾಗಿ ಪ್ರಶ್ನಿಸಿ ಕೆಲಸ ಕಳೆದುಕೊಂಡ ಆ ಪ್ರಸಂಗ, ಮುಚ್ಚಿದ ಬಾಗಿಲುಗಳ ಹಿಂದೆ ದರಗಳು ತೀರ್ಮಾನವಾಗುವ ನಮ್ಮ ಕಾಲದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಹುಟ್ಟಿಸುವಂಥಾದ್ದು.

ಇಷ್ಟು ಹೇಳಿದ ಮೇಲೆ, ತೆರಿಗೆಯನ್ನು ವರ್ಷ ವರ್ಷವೂ ಚರ್ಚಿಸುವ ಪದ್ಧತಿಯೇ ಬೇಡವೆಂದು ನಾನು ವಾದಿಸುತ್ತಿರುವೆನೆಂದು ವಾಚಕರು ಭಾವಿಸಬಾರದು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದೆಂದು ನಮ್ಮ ಸಂವಿಧಾನದ 265ನೆಯ ಅನುಚ್ಛೇದ ಹೇಳುತ್ತದೆ. ವರ್ಷದ ಆಯವ್ಯಯವನ್ನು ಸಂಸತ್ತಿನ ಮುಂದಿಡಬೇಕೆಂದು 112ನೆಯದು ಹೇಳುತ್ತದೆ. ಆದಾಯ ತೆರಿಗೆಯ ಕಾನೂನು ಎಷ್ಟೇ ದಪ್ಪದ್ದಾಗಿದ್ದರೂ ಆಯಾ ವರ್ಷದ ದರಕ್ಕೆ ಹಣಕಾಸು ಅಧಿನಿಯಮದ ಒಪ್ಪಿಗೆ ಬೇಕು. ವರ್ಷಕ್ಕೊಮ್ಮೆ ಪ್ರಜೆಗಳ ಪ್ರತಿನಿಧಿಗಳ ಮುಂದೆ ಬಂದು ಕೈಯೊಡ್ಡದೆ ಸರ್ಕಾರ ಬದುಕಲಾರದು. ಇದು ಪ್ರಜೆಗಳಿಗೆ ರಕ್ಷೆ. ಹೊಸೂರಿನಾಚೆಯ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅದಕ್ಕೆ ಕಷ್ಟಸುಖ ಹೇಳಿಕೊಳ್ಳುವ ಅವಕಾಶವನ್ನು ಬಿಟ್ಟರೆ ಬೇರೆ ಅಧಿಕಾರವಿರಲಿಲ್ಲ; ಹೊಸ ತೆರಿಗೆಯನ್ನು ಹಾಕುವ ಮುನ್ನ ಆ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ಹಕ್ಕು 1923ರ ಅಧಿನಿಯಮದಿಂದ ಅದಕ್ಕೆ ದೊರೆಯಿತು. ಅರಸರ ಆಳ್ವಿಕೆಯಲ್ಲಿಯೂ ಕೇಳುವುದೆಂದರೆ ಮುಂಚಿತವಾಗಿ ಕೇಳುವುದು ಎಂದೇ ಇಟ್ಟುಕೊಂಡಿದ್ದರೆಂಬುದನ್ನು ಮರೆಯಬಾರದು. ಆದಕಾರಣ ನನ್ನ ದೂರು ವಾರ್ಷಿಕ ಚರ್ಚೆಯ ಮೇಲಲ್ಲ. ಚರ್ಚೆಯಾಗುವ ದಿನದಲ್ಲಿ ಅಲ್ಪಸ್ವಲ್ಪ ಬದಲಾವಣೆಯನ್ನು ದೊಡ್ಡ ಸಂಭ್ರಮದಿಂದ ಮಾಡುವುದೂ, ಚರ್ಚೆಯಿಲ್ಲದ ದಿನಗಳಲ್ಲಿ ದೊಡ್ಡ ಬದಲಾವಣೆಯನ್ನು ಸದ್ದಿಲ್ಲದೆ ಮಾಡುವುದೂ ರೂಢಿಯಾಗಿಬಿಟ್ಟಿದೆಯಲ್ಲಾ, ಅದರ ಮೇಲೆ.

ಮೊದಲು ಆಯವ್ಯಯದ ಒಳಗೇ ನಡೆಯುವ ಚಾಂಚಲ್ಯವನ್ನು ನೋಡೋಣ. ಸೇಲಂ, ನಾಮಕ್ಕಲ್, ಧರ್ಮಪುರಿಗಳ ಸೀಮೆ ಲಾರಿಗಳ ಸೀಮೆ. ಬೆಂಗಳೂರಿನಿಂದ ಕೃಷ್ಣಗಿರಿ ಹಾಯ್ದು ದಕ್ಷಿಣಕ್ಕೆ ಇಳಿಯುವ ಹೆದ್ದಾರಿ ಕಾರಿಮಂಗಲವನ್ನು ದಾಟಿಯೇ ಹೋಗಬೇಕು. ಹತ್ತಕ್ಕಿಂತ ಹೆಚ್ಚು ಲಾರಿಗಳಿಲ್ಲದ ಚಿಕ್ಕ ಮಾಲಿಕರು ಪೂರ್ತಿ ಲೆಕ್ಕದ ಪುಸ್ತಕ ಇಡಬೇಕಾಗಿಲ್ಲ. ಒಂದೊಂದು ಲಾರಿಗೆ ತಿಂಗಳಿಗೆ ಇಷ್ಟು ಆದಾಯ ಬಂದಿತೆಂದು ಕಾನೂನೇ ಊಹಿಸಿಕೊಳ್ಳುತ್ತದೆ. 25 ಟನ್ ತೂಕವೆಂದು ನೋಂದಣಿಯಾದ ಹತ್ತು ಚಕ್ರದ ಎರಡು ಲಾರಿಗಳನ್ನು ಇಟ್ಟುಕೊಂಡು, ಬೇರೆ ಆದಾಯವಾಗಲಿ ವಿನಾಯಿತಿಗಳಾಗಲಿ ಇಲ್ಲದೆ ಜೀವಿಸುವ ಮಾಲಿಕನೊಬ್ಬನನ್ನು ಕಲ್ಪಿಸಿಕೊಳ್ಳಿ. 2018ರ ಮಾರ್ಚಿ ಕೊನೆಯವರೆಗೆ ಊಹೆಯ ದರ ಲಾರಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ; ವರ್ಷದಲ್ಲಿ ಎರಡೂ ಸೇರಿ 1,80,000. ಅಂದಿನ ವಿನಾಯಿತಿಯ ಮಿತಿ ಎರಡೂವರೆ ಲಕ್ಷವಾದುದರಿಂದ ಅವನು ಕೊಡತಕ್ಕ ತೆರಿಗೆ ಶೂನ್ಯ. 2018ರ ಆಯವ್ಯಯದಲ್ಲಿ, 12 ಟನ್ನಿಗೆ ಮೀರಿದ ವಾಹನಗಳಿಗೆ ಟನ್ನಿಗೆ ಸಾವಿರ ರೂಪಾಯಿಯಂತೆ ತಿಂಗಳ ಆದಾಯವೆಂದು ನಿಗದಿಯಾಯಿತು. ಅವೇ ಎರಡು ಲಾರಿಗಳು, ಅದೇ ಹೆದ್ದಾರಿ, ಅದೇ ಬಾಡಿಗೆ. ಕಾಗದದ ಮೇಲೆ ಅವನ ಆದಾಯ ಒಂದೇ ನೆಗೆತಕ್ಕೆ ಆರು ಲಕ್ಷವಾಯಿತು, ತೆರಿಗೆ ಸೆಸ್ಸು ಸೇರಿ 33,800 ರೂಪಾಯಿ ಆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ವಿನಾಯಿತಿಗಳನ್ನು ಬಿಟ್ಟುಕೊಟ್ಟವರಿಗೆಂದು ಹೊಸ ಪದ್ಧತಿಯೊಂದು ಬಂತು. ಅದನ್ನು ಆರಿಸಿಕೊಂಡಿದ್ದರೆ ಅವನ ತೆರಿಗೆ 23,400. 2023ರ ಆಯವ್ಯಯ ಆ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗೆ ತೆರಿಗೆಯಿಲ್ಲವೆಂದಿತು. ಅವನು ಮತ್ತೆ ಶೂನ್ಯಕ್ಕೆ ಬಂದನು. ಆರು ವರ್ಷಗಳ ಅವಧಿಯಲ್ಲಿ ಶೂನ್ಯದಿಂದ ಹೊರಟು, ಮೇಲೇರಿ, ಇಳಿದು, ಪುನಃ ಶೂನ್ಯವನ್ನು ಸೇರಿದ ಈ ಯಾತ್ರೆಯಲ್ಲಿ ಆ ಮನುಷ್ಯ ಮಾಡಿದ್ದೇನು? ಏನೂ ಇಲ್ಲ. ಅವನ ಲಾರಿ ಒಂದು ಟನ್ ಹೆಚ್ಚು ಹೊರಲಿಲ್ಲ, ಕಡಮೆಯೂ ಹೊರಲಿಲ್ಲ. ಅವನ ಆಡಿಟರ್ ಮಾತ್ರ ಪ್ರತಿ ವರ್ಷ ಹೊಸ ಲೆಕ್ಕ ಹಾಕಿದನು, ಹಾಕಿದ್ದಕ್ಕೆ ಸಂಭಾವನೆ ಪಡೆದನು. ನಡುವಿನ ವರ್ಷಗಳಲ್ಲಿ ಮೂರನೆಯ ಲಾರಿಗೆ ಸಾಲ ಮಾಡಬೇಕೆ ಬೇಡವೆ ಎಂದು ಅವನು ಯೋಚಿಸಿದ್ದರೆ, ಆ ಯೋಚನೆಗೆ ಆಧಾರವಾಗತಕ್ಕ ಒಂದು ತೆರಿಗೆಯ ಅಂಕಿಯೂ ಮೂರು ವರ್ಷಕ್ಕೆ ಮೀರಿ ನಿಂತಿರಲಿಲ್ಲ.

ಬದಲಾಯಿಸದೆ ಇರುವುದೂ ಒಂದು ಬದಲಾವಣೆಯೇ ಎಂಬುದನ್ನು ಇಲ್ಲಿ ಸೇರಿಸಬೇಕು. ಹಳೆಯ ಪದ್ಧತಿಯಲ್ಲಿ ವಿನಾಯಿತಿಯ ಮಿತಿ ಎರಡೂವರೆ ಲಕ್ಷವೆಂದು ಗೊತ್ತಾದದ್ದು 2014ರಲ್ಲಿ. ಆಮೇಲೆ ಅಕ್ಕಿ, ಎಣ್ಣೆ, ಬಾಡಿಗೆ, ಮಕ್ಕಳ ಶಾಲೆಯ ಫೀಜು ಎಲ್ಲವೂ ಏರಿದುವು; ಮಿತಿ ಏರಲಿಲ್ಲ. ಯಾವ ಸಚಿವರೂ ತೆರಿಗೆ ಹೆಚ್ಚಿಸಿದೆವೆಂದು ಭಾಷಣ ಮಾಡದೆ, ಯಾವ ಸದಸ್ಯರೂ ಅದಕ್ಕೆ ಕೈಯೆತ್ತದೆ, ಹಣದ ಬೆಲೆ ಕುಸಿದಷ್ಟೂ ತೆರಿಗೆ ತಾನಾಗಿ ಏರುತ್ತ ಹೋಯಿತು. ಸೆಸ್ಸಿನ ಕಥೆಯೂ ಇಂಥದೇ. 2004ರಲ್ಲಿ ಶಿಕ್ಷಣಕ್ಕೆಂದು ಶೇಕಡಾ 2 ಆಗಿ ಹುಟ್ಟಿದ್ದು 2007ರಲ್ಲಿ 3 ಆಯಿತು, 2018ರಲ್ಲಿ ಆರೋಗ್ಯವನ್ನೂ ಜತೆ ಮಾಡಿಕೊಂಡು 4 ಆಯಿತು. ಅದರಿಂದ ಬರುವ ಹಣದಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಆದುದರಿಂದಲೇ ಕೇಂದ್ರಕ್ಕೆ ಅದರ ಮೇಲೆ ಅಷ್ಟು ಪ್ರೀತಿ.

2025ರ ಆಯವ್ಯಯ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ, ಸಂಬಳದವರಾದರೆ ಹನ್ನೆರಡು ಲಕ್ಷದ ಎಪ್ಪತ್ತೈದು ಸಾವಿರದವರೆಗೆ, ತೆರಿಗೆಯಿಲ್ಲವೆಂದು ಸಾರಿದಾಗ ದೇಶದ ಮಧ್ಯಮವರ್ಗ ಹರ್ಷಿಸಿತು, ಹರ್ಷಿಸಬೇಕಾದದ್ದೇ. ಸುಮಾರು ಒಂದು ಕೋಟಿ ಜನ ತೆರಿಗೆಯಿಂದ ಮುಕ್ತರಾಗುವರೆಂದೂ, ಬೊಕ್ಕಸಕ್ಕೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ನಷ್ಟವೆಂದೂ ಸರ್ಕಾರವೇ ಹೇಳಿತು. ಕಾರಿಮಂಗಲದಲ್ಲಿ ಇದರ ಫಲ ಮುಟ್ಟಿದ್ದು ಶಾಲೆಯ ಉಪಾಧ್ಯಾಯರಿಗೆ, ಬ್ಯಾಂಕಿನವರಿಗೆ, ವಿದ್ಯುತ್ ಇಲಾಖೆಯ ಇಂಜಿನಿಯರಿಗೆ, ಒಂದಿಬ್ಬರು ದೊಡ್ಡ ವರ್ತಕರಿಗೆ. ಊರಿನ ಹೆಚ್ಚು ಮಂದಿ ಬೇಸಾಯಗಾರರು. ಅವರ ವ್ಯವಸಾಯದ ಆದಾಯಕ್ಕೆ ಕೇಂದ್ರದ ತೆರಿಗೆ ಮೊದಲೇ ಇಲ್ಲ. ಉಳಿದವರಿಗೆ ಅಷ್ಟು ಆದಾಯವೇ ಇಲ್ಲ. ಉಪಾಧ್ಯಾಯರ ಕೈಯಲ್ಲಿ ಉಳಿದ ಹಣ ಸಂತೆಯಲ್ಲಿ ಖರ್ಚಾಗಿ ಎಲ್ಲರಿಗೂ ತಲುಪುವುದೆಂಬ ವಾದದಲ್ಲಿ ಸತ್ಯಾಂಶ ಉಂಟು. ಅದು ತಲುಪುವಷ್ಟರಲ್ಲಿ ಎಷ್ಟು ತೆಳುವಾಗುವುದೆಂಬುದನ್ನು ವಾದಿಸುವವರು ಹೇಳುವುದಿಲ್ಲ. ಹೊಸ ಪದ್ಧತಿಯಲ್ಲಿ ಜೀವವಿಮೆ, ಭವಿಷ್ಯನಿಧಿಗಳ ಉಳಿತಾಯಕ್ಕೆ ಕೊಡುತ್ತಿದ್ದ ವಿನಾಯಿತಿಗಳು ಮಾಯವಾದದ್ದನ್ನೂ ಸ್ಮರಿಸಬೇಕು. ತೆರಿಗೆಯ ಭಯದಿಂದಾದರೂ ನಾಲ್ಕು ಕಾಸು ಕೂಡಿಡುತ್ತಿದ್ದ ಮನೆಗಳು ಇನ್ನು ಮುಂದೆ ತಮ್ಮ ವಿವೇಕದಿಂದಲೇ ಕೂಡಿಡಬೇಕು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಉತ್ತರ ಇನ್ನೊಂದು ತಲೆಮಾರಿಗೆ ತಿಳಿಯುತ್ತದೆ.

ಈಗ ಆಯವ್ಯಯದ ಹೊರಗಣ ಸಂಗತಿಗೆ ಬರೋಣ. 2019ರ ಸೆಪ್ಟೆಂಬರ್ 20ರಂದು ಜಿಎಸ್‌ಟಿ ಮಂಡಳಿಯ 37ನೆಯ ಸಭೆ ಗೋವೆಯಲ್ಲಿ ಸೇರಿತ್ತು. ಅದೇ ದಿನ ಅದೇ ಊರಿನಲ್ಲಿ ಅರ್ಥಸಚಿವರಾದ ನಿರ್ಮಲಾ ಸೀತಾರಾಮನ್ ಅವರು ಕಂಪನಿಗಳ ಮೂಲ ತೆರಿಗೆಯನ್ನು ಶೇಕಡಾ 22ಕ್ಕೆ, ಹೊಸ ಕಾರ್ಖಾನೆ ತೆರೆಯುವವರಿಗೆ 15ಕ್ಕೆ, ಸುಗ್ರೀವಾಜ್ಞೆಯ ಮೂಲಕ ಇಳಿಸಿದೆವೆಂದು ಪ್ರಕಟಿಸಿದರು. ಬೊಕ್ಕಸಕ್ಕೆ ವರ್ಷದಲ್ಲಿ 1,45,000 ಕೋಟಿ ರೂಪಾಯಿ ಕಡಮೆಯಾಗುವುದೆಂದು ಅವರೇ ಹೇಳಿದರು. ಚುನಾವಣೆಯ ವರ್ಷವಾದುದರಿಂದ ಪೂರ್ಣ ಆಯವ್ಯಯ ಜುಲೈಯಲ್ಲಿ ಮಂಡನೆಯಾಗಿತ್ತು; ಅದಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ಅದೇ ದಿನದ ಸಭೆಯಲ್ಲಿ ಒಣ ಹುಣಸೆಯ ಮೇಲಿದ್ದ ಶೇಕಡಾ 5ರ ತೆರಿಗೆಯನ್ನು ತೆಗೆದುಹಾಕುವ ತೀರ್ಮಾನವೂ ಆಗಿ, ಅಕ್ಟೋಬರ್ 1ರಿಂದ ಜಾರಿಗೆ ಬಂತು. ದೇಶದ ಅತಿ ದೊಡ್ಡ ಕಂಪನಿಗಳಿಗೆ ದೊರೆತ ರಿಯಾಯಿತಿ, ಧರ್ಮಪುರಿಯ ಜಗಲಿಯ ಮೇಲಿನ ಹುಣಸೆಗೆ ದೊರೆತ ರಿಯಾಯಿತಿ, ಎರಡೂ ಒಂದೇ ದಿನದವು. ಎರಡೂ ಫೆಬ್ರವರಿಯ ಚರ್ಚೆಯನ್ನಾಗಲಿ ಜುಲೈ ತಿಂಗಳ ಚರ್ಚೆಯನ್ನಾಗಲಿ ಕಂಡವಲ್ಲ.

ಹುಣಸೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ತಾಜಾ ಹುಣಸೆಗೆ ತೆರಿಗೆ ಇರಲಿಲ್ಲ, ಒಣಗಿಸಿದ್ದಕ್ಕೆ ಇತ್ತು. ಅಂದರೆ 2017ರ ಜುಲೈಯಿಂದ ಎರಡೂಕಾಲು ವರ್ಷ, ಬಿಸಿಲೇ ತೆರಿಗೆಗೆ ಕಾರಣವಾಗಿತ್ತು! ಹುಣಸೆ ವ್ಯಾಪಾರದ ಕ್ರಮವೆಂದರೆ, ಬೇಸಿಗೆಯ ಹೊತ್ತಿಗೆ ಸರಕನ್ನು ಕೊಂಡು, ಬೀಜ ತೆಗೆಸಿ, ಶೈತ್ಯಾಗಾರದಲ್ಲಿಟ್ಟು, ಬೆಲೆ ನೋಡಿಕೊಂಡು ವರ್ಷವಿಡೀ ಮಾರುವುದು. ಅಕ್ಟೋಬರಿನಲ್ಲಿ ತೆರಿಗೆ ಹೋಯಿತೆಂದರೆ, ಸುಗ್ಗಿಯಲ್ಲಿ ಮಾರಿದ ರೈತನಿಗೂ, ಬೀಜ ಕಳಚಿ ಕೂಲಿ ಪಡೆದ ಹೆಂಗಸಿಗೂ ಅದರಿಂದ ಆ ವರ್ಷ ಏನೂ ದೊರೆಯುವ ಹಾಗಿಲ್ಲ. ಮಂಡಿಯವನಿಗಾದರೂ ಪೂರ್ಣ ಲಾಭವಾಯಿತೇ ಎಂದರೆ ಅದೂ ಇಲ್ಲ. ತೆರಿಗೆಯಿರುವ ಸರಕನ್ನು ಮಾರುವವನು ತಾನು ಚೀಲಕ್ಕೆ, ಪ್ಯಾಕಿಂಗ್ ಯಂತ್ರಕ್ಕೆ ಕೊಟ್ಟ ಜಿಎಸ್‌ಟಿಯನ್ನು ವಜಾ ಮಾಡಿಕೊಳ್ಳಬಹುದು. ತೆರಿಗೆಯಿಲ್ಲದ ಸರಕಿಗೆ ಆ ಅವಕಾಶವಿಲ್ಲ, ದಾಸ್ತಾನಿನ ಮೇಲೆ ಮೊದಲೇ ಪಡೆದದ್ದನ್ನೂ ಹಿಂದಿರುಗಿಸಬೇಕು. ಕೊಟ್ಟ ಕೈಯೇ ಒಂದಂಶವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಇಂಥ ವಿಷಯವನ್ನು ಸಭೆಯಲ್ಲಿ ಎದ್ದು ಹೇಳಬಲ್ಲ ಪ್ರತಿನಿಧಿಯೊಬ್ಬನಿದ್ದಿದ್ದರೆ, ತೆರಿಗೆಯನ್ನು ಸುಗ್ಗಿಗೆ ಮುಂಚೆ ತೆಗೆಯಿರಿ ಎಂದಾದರೂ ಕೇಳಬಹುದಾಗಿತ್ತು.

ನೇಕಾರರ ಅನುಭವ ಇನ್ನೂ ವಿಚಿತ್ರವಾದದ್ದು. ಸೇಲಂ ಸೀಮೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವ ದೇವಾಂಗ ಕುಟುಂಬಗಳು ತಲೆತಲಾಂತರದಿಂದ ಮಗ್ಗವನ್ನು ನಂಬಿದವು. ಬಟ್ಟೆಯ ಮೇಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 12ಕ್ಕೆ ಏರಿಸಿ, 2022ರ ಜನವರಿ 1ರಿಂದ ಜಾರಿಗೆ ತರುವೆವೆಂದು 2021ರ ನವೆಂಬರಿನಲ್ಲಿ ಅಧಿಸೂಚನೆ ಹೊರಟಿತು. ವರ್ತಕರು ಹಳೆಯ ದರದಲ್ಲಿ ಸರಕು ಸಾಗಿಸಲು ಆತುರಪಟ್ಟರು. ಹೊಸ ದರಕ್ಕೆ ಬಿಲ್ಲು ಸಿದ್ಧಪಡಿಸಿಕೊಂಡವರೂ ಇದ್ದರು. ಡಿಸೆಂಬರ್ 31ರಂದು ಮಂಡಳಿ ಸೇರಿ, ಈ ಏರಿಕೆಯನ್ನು ಮುಂದೂಡಲಾಗಿದೆ ಎಂದಿತು. ಮರುದಿನ ಬರಬೇಕಾಗಿದ್ದ ತೆರಿಗೆ ಹಿಂದಿನ ದಿನ ನಿಂತಿತು. ಇದರಲ್ಲಿ ನೇಕಾರನಿಗೆ ಕೆಡುಕಾಗಲಿಲ್ಲವೆಂದು ಹೇಳುವವರು, ಆರು ವಾರ ಆ ಬೀದಿಗಳಲ್ಲಿ ಯಾರೂ ನಿಶ್ಚಿಂತೆಯಿಂದ ಹೊಸ ಕರಾರು ಮಾಡಿಕೊಳ್ಳಲಾಗಲಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರಲ್ಲಿಯೂ ಹಾಗೆಯೇ ಆಯಿತು. ಜಿಎಸ್‌ಟಿ ಇಳಿಯಲಿದೆಯೆಂದು ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಗಳು ಸಾರಿದರು. ಟ್ರ್ಯಾಕ್ಟರಿಗೆ, ಹನಿ ನೀರಾವರಿಯ ಸಾಮಾನಿಗೆ ಶೇಕಡಾ 12 ಇದ್ದುದು 5 ಆಗಿ, ಚಿಕ್ಕ ಮೋಟಾರ್ ಸೈಕಲ್ಲಿಗೆ 28 ಇದ್ದುದು 18 ಆಗಿ ಇಳಿದದ್ದು ಸೆಪ್ಟೆಂಬರ್ 22ರಂದು. ಇಳಿಕೆ ಸ್ವಾಗತಾರ್ಹವೇ. ಆದರೆ ನಡುವಣ ಐದು ವಾರ, ಇಳಿಯುವುದು ಖಂಡಿತವೆಂದು ತಿಳಿದ ಮೇಲೆ ಟ್ರ್ಯಾಕ್ಟರ್ ಕೊಳ್ಳುವ ರೈತನಾದರೂ ಯಾರು? ಅಂಗಡಿಯವರು ದಾಸ್ತಾನಿಗೆ ಬಡ್ಡಿ ಕಟ್ಟುತ್ತ ಕುಳಿತರು.

ಡೀಸೆಲ್ಲಿನ ಮಾತನ್ನು ವಿಸ್ತರಿಸಬೇಕಾಗಿಲ್ಲ. 2020ರ ಮೇ ತಿಂಗಳ ಒಂದು ರಾತ್ರಿ ಕೇಂದ್ರ ಸರ್ಕಾರ ಲೀಟರಿಗೆ 13 ರೂಪಾಯಿ ಅಬಕಾರಿ ಸುಂಕವನ್ನು ಏರಿಸಿತು. ಮುಂದಿನ ವರ್ಷ ನವೆಂಬರಿನಲ್ಲಿ 10 ರೂಪಾಯಿ ಇಳಿಸಿತು. ಎರಡೂ ಆಯವ್ಯಯದ ಹೊರಗಿನವು. ಕರ್ನಾಟಕ ಸರ್ಕಾರ 2024ರ ಜೂನಿನಲ್ಲಿಯೂ 2025ರ ಏಪ್ರಿಲಿನಲ್ಲಿಯೂ ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಏರಿಸಿದಾಗ, ಗಡಿ ದಾಟುವ ಮುನ್ನ ಅತ್ತಿಬೆಲೆಯಲ್ಲಿ ಟ್ಯಾಂಕು ತುಂಬಿಸಿಕೊಳ್ಳುತ್ತಿದ್ದ ತಮಿಳುನಾಡಿನ ಲಾರಿಯವರಿಗೆ ಲಾಭದ ಅಂತರ ಕಿರಿದಾಯಿತು. ಅದಕ್ಕೂ ಬೆಂಗಳೂರಿನ ಬಜೆಟ್ ಭಾಷಣಕ್ಕೂ ಸಂಬಂಧವಿರಲಿಲ್ಲ.

ಎಲ್ಲ ಬದಲಾವಣೆಯನ್ನೂ ಮುಂಚಿತವಾಗಿ ಸಾರಲು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ಹೇಳಬೇಕು. ಸಾಧ್ಯವಿಲ್ಲದ ಸಂದರ್ಭಗಳು ಇವೆ. ಸೇಲಂ ಪಟ್ಟಣದ ಬೆಳ್ಳಿಯ ಕಾಲ್ಗೆಜ್ಜೆಯ ಕಸಬನ್ನು ನೋಡಿ: 2024ರ ಜುಲೈ 23ರ ಆಯವ್ಯಯದಲ್ಲಿ ಚಿನ್ನ ಬೆಳ್ಳಿಗಳ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದು ಮರುದಿನದಿಂದಲೇ ಜಾರಿಯಾದಾಗ, ಪೆಟ್ಟಿಗೆಯಲ್ಲಿ ಬೆಳ್ಳಿಯಿದ್ದ ಮಾಲಿಕನಿಗೆ ಒಂದೇ ರಾತ್ರಿಯಲ್ಲಿ ನಷ್ಟವಾಯಿತು, ಕೊಳ್ಳುವವನಿಗೆ ಲಾಭವಾಯಿತು. ಹೀಗಾಗುವುದೆಂದು ತಿಂಗಳ ಮುಂಚೆ ಹೇಳಿದ್ದರೆ ಆಮದೇ ನಿಂತುಹೋಗುತ್ತಿತ್ತು. ಏರಿಸುವುದಾಗಿ ಹೇಳಿದ್ದರೆ ಗೋದಾಮುಗಳು ತುಂಬಿಹೋಗುತ್ತಿದ್ದುವು. ಸುಂಕದಲ್ಲಿ ಗುಟ್ಟು ಅವಶ್ಯಕ. ಮಂಡನೆಯಾದ ದಿನ ಕಳೆಯುತ್ತಲೇ ವಸೂಲಿಗೆ ತೊಡಗುವ ಅಧಿಕಾರವನ್ನು 1931ರಷ್ಟು ಹಿಂದೆಯೇ ಕಾನೂನು ಕೊಟ್ಟದ್ದು ಈ ಕಾರಣದಿಂದ. ಯುದ್ಧ, ಸಾಂಕ್ರಾಮಿಕ ರೋಗ, ಕ್ಷಾಮಗಳು ಫೆಬ್ರವರಿಯವರೆಗೆ ಕಾಯುವುದಿಲ್ಲ ಎಂಬುದನ್ನೂ ಒಪ್ಪತಕ್ಕದ್ದೇ. ಆದರೆ ಒಣ ಹುಣಸೆಯಲ್ಲಿ ಯಾವ ಗುಟ್ಟು? ಲಾರಿಯ ಟನ್ನಿನಲ್ಲಿ ಯಾವ ತುರ್ತು? ಎಲ್ಲಕ್ಕೂ ಮೇಲಾಗಿ, ಹಿಂದಕ್ಕೆ ನೋಡಿ ತೆರಿಗೆ ಹಾಕುವ ಅನ್ಯಾಯವನ್ನು ಯಾವ ತುರ್ತೂ ಸಮರ್ಥಿಸಲಾರದು. 2012ರಲ್ಲಿ ಐವತ್ತು ವರ್ಷ ಹಿಂದಕ್ಕೆ, 1962ರವರೆಗೆ, ಅನ್ವಯಿಸುವಂತೆ ಆದಾಯ ತೆರಿಗೆ ಕಾನೂನಿಗೆ ಮಾಡಿದ ತಿದ್ದುಪಡಿಯನ್ನು ದೇಶದ ಹೆಸರಿಗೆ ಕಳಂಕ ತಂದ ಮೇಲೆ 2021ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ಜಿಎಸ್‌ಟಿ ಮಂಡಳಿಯ ಪರವಾಗಿ ಹೇಳಬೇಕಾದದ್ದೂ ಉಂಟು. ಅದು ಕೇಂದ್ರವೂ ರಾಜ್ಯಗಳೂ ಒಟ್ಟಿಗೆ ಕುಳಿತುಕೊಳ್ಳುವ ಸಭೆ. ಮತಗಳಲ್ಲಿ ಮೂರನೆಯ ಒಂದು ಪಾಲು ಕೇಂದ್ರಕ್ಕೆ, ಮೂರನೆಯ ಎರಡು ಪಾಲು ರಾಜ್ಯಗಳಿಗೆ. ನಾಲ್ಕನೆಯ ಮೂರು ಪಾಲು ಬಹುಮತವಿಲ್ಲದೆ ತೀರ್ಮಾನವಿಲ್ಲ. ದೆಹಲಿಯೊಂದೇ ಆಜ್ಞೆ ಮಾಡುವುದಕ್ಕಿಂತ ಇದು ಮೇಲು. ಆದರೆ ಅಲ್ಲಿ ನಮ್ಮ ರಾಜ್ಯದ ಸಚಿವರು ಏನು ಕೇಳಿದರು, ಯಾವುದಕ್ಕೆ ಒಪ್ಪಿದರು ಎಂಬುದು ನಮಗೆ ತಿಳಿಯುವುದು ತೀರ್ಮಾನವಾದ ಮೇಲೆ, ಪತ್ರಿಕೆಯ ಮೂಲಕ. ಮಂಡಳಿಯ ಶಿಫಾರಸುಗಳು ಶಾಸನಸಭೆಗಳನ್ನು ಕಟ್ಟಿಹಾಕುವಂಥವಲ್ಲ, ಮನವೊಲಿಸುವ ಬೆಲೆ ಮಾತ್ರ ಉಳ್ಳವು ಎಂದು ಸುಪ್ರೀಂ ಕೋರ್ಟು 2022ರ ಮೇ 19ರ ತೀರ್ಪಿನಲ್ಲಿ ಹೇಳಿದ ಮೇಲೂ, ಸಭೆಗೆ ಹೊರಡುವ ಮುನ್ನ ಸಚಿವರು ವಿಧಾನಸಭೆಯ ಮುಂದೆ ವಿಷಯಪಟ್ಟಿಯನ್ನಿಟ್ಟು ಅಭಿಪ್ರಾಯ ಕೇಳುವ ಪದ್ಧತಿ ಬಂದಿಲ್ಲ. ಅಡ್ಡಿಯಾದರೂ ಏನು? ಅರಸೊತ್ತಿಗೆಯ ಮೈಸೂರು ದಸರೆಯ ಪ್ರಜಾಪ್ರತಿನಿಧಿ ಸಭೆಯಲ್ಲಿ ಮಾಡಿದ್ದನ್ನು ಪ್ರಜಾಪ್ರಭುತ್ವದ ಮದರಾಸೂ ಬೆಂಗಳೂರೂ ಮಾಡಲಾರವೆ?

ಕಾರಿಮಂಗಲದ ತಾಲ್ಲೂಕು ಕಚೇರಿಯಲ್ಲಿ ಪ್ರತಿವರ್ಷ ಫಸಲಿ ಎಂಬ ಕಂದಾಯ ವರ್ಷ ಮುಗಿಯುವ ಮುನ್ನ ಜಮಾಬಂದಿ ಇಂದಿಗೂ ನಡೆಯುತ್ತದೆ. ಕಂದಾಯದ ಹಣ ಅಲ್ಪವಾಗಿದ್ದರೂ, ಅಧಿಕಾರಿ ಹಳ್ಳಿಯ ಲೆಕ್ಕವನ್ನು ಜನರೆದುರು ತೆರೆದಿಟ್ಟು ಅರ್ಜಿ ಸ್ವೀಕರಿಸುವ ಸಂಪ್ರದಾಯ ಉಳಿದಿದೆ. ಒಂದು ರೂಪಾಯಿಯ ಕಂದಾಯಕ್ಕೆ ಇಷ್ಟು ಬಹಿರಂಗತೆ. ನೂರು ರೂಪಾಯಿಯ ಸರಕಿನ ಮೇಲೆ ಹದಿನೆಂಟು ರೂಪಾಯಿ ತೆರಿಗೆ ಹಾಕುವ ಕಡೆ ಅದು ಇಲ್ಲ. 1961ರ ಆದಾಯ ತೆರಿಗೆ ಕಾನೂನಿನ ಬದಲಿಗೆ 536 ಕಲಮುಗಳ ಹೊಸ ಅಧಿನಿಯಮವನ್ನು 2025ರಲ್ಲಿ ಸಂಸತ್ತು ಒಪ್ಪಿತು. 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನವೆಂದು ನಿಗದಿಯಾಯಿತು. ಭಾಷೆ ಸರಳವಾಗಿದೆಯೆಂದು ಹೇಳುತ್ತಾರೆ. ಭಾಷೆ ಸರಳವಾಗಿ ಪ್ರಯೋಜನವೇನು, ಮುಂದಿನ ಹತ್ತು ವರ್ಷ ಅದರ ಅಂಕಿಗಳು ನಿಲ್ಲುವ ಭರವಸೆ ಇಲ್ಲದಿದ್ದರೆ? ವಿನಾಯಿತಿಯ ಮಿತಿಯನ್ನು ಬೆಲೆಗಳ ಏರಿಕೆಗೆ ತಕ್ಕಂತೆ ತಾನಾಗಿ ಏರುವ ಹಾಗೆ ಕಾನೂನಿನಲ್ಲಿಯೇ ಕಟ್ಟಬೇಕು. ಒಮ್ಮೆ ಗೊತ್ತುಮಾಡಿದ ದರವನ್ನು ಮೂರು ವರ್ಷವಾದರೂ ಮುಟ್ಟಬಾರದು. ಜಿಎಸ್‌ಟಿಯ ದರದ ಬದಲಾವಣೆಯನ್ನು, ಆಮದು ಸುಂಕದಂಥ ಗುಟ್ಟಿನ ವಿಷಯಗಳನ್ನು ಬಿಟ್ಟು, ಮೂರು ತಿಂಗಳ ಮುಂಚೆ ಪ್ರಕಟಿಸಿ ಶಾಸನಸಭೆಯಲ್ಲಿ ಚರ್ಚಿಸಿ, ವ್ಯವಸಾಯದ ಸರಕಾದರೆ ಆಯಾ ಬೆಳೆಯ ಸುಗ್ಗಿಗೆ ಮುಂಚೆ ಜಾರಿಗೊಳಿಸಬೇಕು. ವಾಚಕರಲ್ಲಿ ನನ್ನ ಬಿನ್ನಹ ಇಷ್ಟೇ: ಮುಂದಿನ ಚುನಾವಣೆಯಲ್ಲಿ ಮತ ಬೇಡಲು ಬಂದವರನ್ನು, ತೆರಿಗೆ ಎಷ್ಟು ಇಳಿಸುವಿರೆಂದು ಕೇಳುವುದಕ್ಕೆ ಮುಂಚೆ, ಬದಲಾಯಿಸುವ ಮುನ್ನ ನಮಗೆ ಹೇಳುವಿರಾ ಎಂದು ಕೇಳಿರಿ, ಹೇಳುವೆವೆಂದರೆ ಅದನ್ನು ಪ್ರಣಾಳಿಕೆಯಲ್ಲಿ ಬರೆಸಿರಿ.